ಲೈಬ್ರರಿ ಬಾಗಿಲಲ್ಲಿ ಹೆಂಗಸರ ಚಪ್ಪಲಿ

ಸಮ್ಮೇಳನಗಳ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಒಂದು ಬ್ಯಾಗು, ಬರೆಯದ ಒಂದು ಪೆನ್ನು, ಮಧ್ಯಾಹ್ನ ಹೋಳಿಗೆ ಊಟ, ಸಂಜೆ ಒಂದು ಪ್ರಮಾಣಪತ್ರ. ಇಷ್ಟಕ್ಕಾಗಿ ಲೈಬ್ರರಿಗೆ ಬೀಗ ಹಾಕಿಕೊಂಡು ಹೋಗುವುದೇಕೆ ಎಂದು, ಕರೆ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ನನ್ನ ಸ್ವಭಾವವೂ ಅಷ್ಟು ಸಲೀಸಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮೂಡಲಗಿಯ ನಮ್ಮ ಲೈಬ್ರರಿಯಲ್ಲಿ ಯಾರಾದರೂ ಪೇಪರು ಮಗುಚುವಾಗ ಜೋರಾಗಿ ಸಪ್ಪಳ ಮಾಡಿದರೆ ನಾನು ತಲೆಯೆತ್ತಿ ನೋಡುತ್ತೇನೆ. ಬಾಯಿ ತೆರೆಯುವ ಅಗತ್ಯ ಬೀಳುವುದಿಲ್ಲ.

ಆ ಸಲ ಗೋಕಾಕದ ಸಮ್ಮೇಳನಕ್ಕೆ ಹೋದದ್ದು ಒಂದು ಮೇಜಿನ ಸಲುವಾಗಿ.

ನಮ್ಮ ಲೈಬ್ರರಿ ಎಂದರೆ ಒಂದು ದೊಡ್ಡ ಕೋಣೆ, ಅದಕ್ಕೆ ಅಂಟಿಕೊಂಡ ಒಂದು ಸಣ್ಣ ಕೋಣೆ. ದೊಡ್ಡ ಕೋಣೆಯ ನಡುವೆ, ಫ್ಯಾನಿನ ಕೆಳಗೆ, ಪೇಪರು ಓದುವ ಉದ್ದನೆಯ ಮೇಜು. ಸಣ್ಣ ಕೋಣೆಯಲ್ಲಿ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವ ಹುಡುಗರು, ಒಬ್ಬನ ಮೊಣಕೈ ಇನ್ನೊಬ್ಬನ ಪುಸ್ತಕದ ಮೇಲೆ. ಇನ್ನು ದೊಡ್ಡ ಕೋಣೆಯ ಕೊನೆಯ ಮೂಲೆಯಲ್ಲಿ, ಕಪಾಟುಗಳ ಹಿಂದೆ, ಮತ್ತೊಂದು ಮೇಜು. ಅದರ ಅಂಚಿಗೆ ಬಿಳಿ ಬಣ್ಣದಲ್ಲಿ ‘ಮಹಿಳೆಯರಿಗಾಗಿ’ ಎಂದು ಬರೆದಿತ್ತು. ಸುತ್ತ ಕುರ್ಚಿಗಳಿದ್ದವು. ಮಹಿಳೆಯರು ಮಾತ್ರ ಇರಲಿಲ್ಲ.

ಗೋಕಾಕದಿಂದ ತಪಾಸಣೆಗೆ ಬಂದ ಸಾಹೇಬರು ಆ ಮೇಜನ್ನು ಬೆರಳಿನಿಂದ ಮುಟ್ಟಿ ನೋಡಿದರು. ಧೂಳಿರಲಿಲ್ಲ, ನಾನು ದಿನಾ ಒರೆಸುತ್ತಿದ್ದೆ. ಮೇಜು ಫಳಫಳ ಹೊಳೆಯುತ್ತಿತ್ತು. ಯಾರಾದರೂ ಬಳಸುವ ಮೇಜು ಹಾಗೆ ಹೊಳೆಯುವುದಿಲ್ಲ ಎಂದು ಅವರಿಗೂ ಗೊತ್ತು, ನನಗೂ ಗೊತ್ತು.

“ಅಕ್ಕಾರ, ಇದನ್ನ ಬಾಜೂ ಖೋಲಿಗೆ ಹಾಕಿದ್ರ ಹುಡುಗೂರಿಗೆ ಅನುಕೂಲ ಆಗ್ತೈತಿ ನೋಡ್ರಿ. ಅವ್ರು ಪಾಪ ಒಬ್ಬರ ಮ್ಯಾಲ ಒಬ್ರು ಕುಂತಾರ” ಎಂದರು.

“ಹೆಣ್ಮಕ್ಕಳಿಗೆ ಅಂತ ಇರೂದ ಇದೊಂದ ಐತ್ರಿ ಸರ್.”

“ಖರೆ. ಆದ್ರ ಅವ್ರು ಬರಂಗಿಲ್ಲಲ್ರಿ. ಇರ್ಲಿ, ಮುಂದಿನ ಸಲ ಬಂದಾಗ ನೋಡೂಣು.”

ಅವರು ಒಳ್ಳೆಯ ಮನುಷ್ಯ, ಹೇಳಿದ್ದರಲ್ಲೂ ತಪ್ಪಿರಲಿಲ್ಲ. ಅದರಿಂದಲೇ ನನಗೆ ಇನ್ನಷ್ಟು ಸಂಕಟವಾಯಿತು, ಸಿಟ್ಟು ಮಾಡಿಕೊಳ್ಳಲು ಯಾರೂ ಸಿಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಆ ಕೋಣೆಯಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಆ ಮೇಜು ಅಲ್ಲಿರುವವರೆಗೆ ಇವತ್ತಲ್ಲ ನಾಳೆ ಯಾರಾದರೂ ಬಂದು ಕೂತಾರು ಎಂಬ ಆಸೆ ಇತ್ತು. ಅದನ್ನು ಎತ್ತಿಕೊಂಡು ಹೋದರೆ, ಈ ಊರಿನ ಹೆಂಗಸರಿಗೆ ಓದು ಬೇಕಾಗಿಲ್ಲ ಎಂದು ನಾನೇ ಒಪ್ಪಿಕೊಂಡಂತೆ ಆಗುತ್ತಿತ್ತು. ನನಗೆ ಆ ಮೇಜು ಬೇಕಾಗಿತ್ತು. ಬೇರೆಯವರಿಗಿಂತ ಹೆಚ್ಚು ನನಗೇ ಬೇಕಾಗಿತ್ತು.

ಹಾಗೆಂದು ನಾನು ಕೈಕಟ್ಟಿ ಕೂತಿರಲಿಲ್ಲ. ಓಣಿಯ ಹೆಂಗಸರಿಗೆಲ್ಲ ಹೇಳಿದ್ದೆ. ಉಳಿತಾಯ ಸಂಘದ ಸಭೆಗೆ ಹೋಗಿ ಮಾತಾಡಿದ್ದೆ. ಕಸೂತಿಯ ಪುಸ್ತಕ, ಅಡುಗೆಯ ಪುಸ್ತಕ, ವಾರಪತ್ರಿಕೆ ಎಲ್ಲ ಆ ಮೇಜಿನ ಮೇಲೆ ಹರವಿಟ್ಟಿದ್ದೆ. ಎಲ್ಲರೂ “ಬರ್ತೀವ್ರಿ ಅಕ್ಕಾರ, ಯಾಕ ಬರೂದಿಲ್ಲ” ಎನ್ನುತ್ತಿದ್ದರು. ಕೆಲವರು ಬಾಗಿಲವರೆಗೆ ಬಂದದ್ದನ್ನೂ ನಾನು ಕಿಟಕಿಯಿಂದ ನೋಡಿದ್ದೆ. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ಏನೋ ನೆನಪಾದವರಂತೆ ಸೆರಗು ಸರಿ ಮಾಡಿಕೊಂಡು ತಿರುಗಿ ಹೋಗಿಬಿಡುತ್ತಿದ್ದರು. ಯಾಕೆ ಎನ್ನುವುದರ ತಲೆಬುಡ ನನಗೆ ತಿಳಿಯುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಗೋಕಾಕದಲ್ಲಿ ಗ್ರಂಥಪಾಲಕರ ಎರಡು ದಿನದ ಸಮ್ಮೇಳನ ಎಂದು ಕರೆ ಬಂತು. ಲೈಬ್ರರಿಗೆ ಹೊಸ ಓದುಗರನ್ನು ಕರೆತರುವುದು ಹೇಗೆ ಎಂಬ ಒಂದು ಭಾಷಣವೂ ಇತ್ತು. ನಾನು ಹೋಗುತ್ತೇನೆ ಎಂದಾಗ ಮನೆಯಲ್ಲಿ ನಮ್ಮವರು “ಬರುವಾಗ ಕರದಂಟು ತರೂದ ಮರೀಬ್ಯಾಡ” ಎಂದಷ್ಟೇ ಹೇಳಿದರು. ಅತ್ತೆ ಮಾತ್ರ ಮೂಗು ಮುರಿದರು.

“ಪುಸ್ತಕಾ ಕಾಯಾವ್ರದೂ ಒಂದ ಸಮ್ಮೇಳನ ಇರ್ತೈತೇನು? ಅಲ್ಲಿ ಏನ್ ಮಾಡ್ತೀರಿ, ಎಲ್ಲಾರೂ ಕೂಡಿ ಸುಮ್ಮ ಕುಂದರ್ತೀರೇನು?”

ಮಾತಿನಲ್ಲಿ ನನಗೆ ಸರಿಜೋಡಿ ಯಾರಾದರೂ ಇದ್ದರೆ ಅದು ನಮ್ಮತ್ತೆ. ಮೂರನೇ ಇಯತ್ತೆವರೆಗೆ ಸಾಲಿ ಕಲಿತವರು. ಲೈಬ್ರರಿ ನಮ್ಮ ಮನೆಯಿಂದ ಒಂದೇ ಓಣಿಯಾಚೆ ಇದ್ದರೂ ಒಂದು ದಿನವೂ ಒಳಗೆ ಕಾಲಿಟ್ಟವರಲ್ಲ. ಅದು ಗಂಡಸರು ಕೂಡುವ ಜಾಗ ಎಂದು ಅವರ ತೀರ್ಮಾನ.

ಸಮ್ಮೇಳನ ಒಂದು ಕಾಲೇಜಿನ ಸಭಾಂಗಣದಲ್ಲಿತ್ತು. ನಾನು ಅಂದುಕೊಂಡ ಹಾಗೆಯೇ ಶುರುವಾಯಿತು. ಫ್ಯಾನಿನ ಗಾಳಿಗೆ ದೀಪ ಹತ್ತಲಿಲ್ಲ, ದೀಪಕ್ಕಾಗಿ ಫ್ಯಾನು ಬಂದ್ ಮಾಡಿದರು, ಆಮೇಲೆ ಫ್ಯಾನು ಹಚ್ಚುವುದನ್ನು ಎಲ್ಲರೂ ಮರೆತರು. ಸನ್ಮಾನ ಆಗುವವರ ಸಾಲು ಮುಗಿಯುವ ಹೊತ್ತಿಗೆ ಶಾಲು ಹೊದ್ದವರು ಬೆವತು ತೊಯ್ದು ಹೋಗಿದ್ದರು. ಬ್ಯಾಗು ಕೊಟ್ಟರು. ಅದರಲ್ಲಿನ ಪೆನ್ನು ಬರೆಯಲಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು, ಇಷ್ಟು ವರ್ಷ ನಾನು ಇಟ್ಟುಕೊಂಡಿದ್ದ ಅಭಿಪ್ರಾಯಕ್ಕೆ ಅನ್ಯಾಯವಾಗಲಿಲ್ಲ.

ಹೊಸ ಓದುಗರ ಬಗ್ಗೆ ಮಾತಾಡಿದ ತಜ್ಞರು ಬೆಂಗಳೂರಿನ ಕಡೆಯವರು. ಚೆನ್ನಾಗಿಯೇ ಮಾತಾಡಿದರು. ಪರದೆಯ ಮೇಲೆ ಒಂದು ಲೈಬ್ರರಿಯ ಚಿತ್ರ ತೋರಿಸಿದರು. ಸೋಫಾಗಳು, ಕಾಫಿ ಯಂತ್ರ, ಪುಸ್ತಕ ಕದ್ದು ಹೊರಟರೆ ತಾನೇ ಕೂಗಿಕೊಳ್ಳುವ ಬಾಗಿಲು. ಹುಕ್ಕೇರಿ ತಾಲ್ಲೂಕಿನ ದಡ್ಡಿಯಿಂದ ಬಂದಿದ್ದ ಒಬ್ಬರು ಎದ್ದು ನಿಂತು ಬಹಳ ವಿನಯದಿಂದ ಕೇಳಿದರು.

“ಸರ್, ಕರೆಂಟ್ ಹೋದ್ರ ಆ ಬಾಗಲಾ ತಗದ ಇರ್ತೈತೋ, ಮುಚ್ಚಿ ಇರ್ತೈತೋ?”

ಸಭೆ ನಕ್ಕಿತು. ತಜ್ಞರೂ ನಕ್ಕು, ಅದು ತಮಗೂ ಗೊತ್ತಿಲ್ಲ ಎಂದರು. ಆ ಪ್ರಾಮಾಣಿಕತೆ ನೋಡಿ ಧೈರ್ಯ ಬಂದು ನಾನೂ ಎದ್ದು ನಿಂತೆ. ನಮ್ಮಲ್ಲಿ ಹೆಂಗಸರಿಗೆ ಪ್ರತ್ಯೇಕ ಮೇಜಿದೆ, ಹೆಂಗಸರೇ ಬರುವುದಿಲ್ಲ, ಏನು ಮಾಡಬೇಕು ಎಂದು ಕೇಳಿದೆ. ಮೊದಲು ಅವರ ಅಗತ್ಯಗಳ ಸಮೀಕ್ಷೆ ಮಾಡಬೇಕು ಎಂದು ಅವರು ಹೇಳಿದರು.

“ಸಮೀಕ್ಷಾ ಮಾಡಾಕರೆ ಅವ್ರು ಬರಬೇಕಲ್ಲ” ಎಂದು ಗೊಣಗಿಕೊಂಡೇ ಕುಳಿತೆ.

ಪಕ್ಕದ ಕುರ್ಚಿಯಿಂದ ನಗು ಕೇಳಿಸಿತು. ನಿವೃತ್ತಿಗೆ ಹತ್ತಿರವಾದ ಒಬ್ಬ ಹೆಂಗಸು, ದೊಡ್ಡ ಕುಂಕುಮ, ಮಡಿಲಲ್ಲಿ ಅದೇ ಬರೆಯದ ಪೆನ್ನು. ಹುಕ್ಕೇರಿಯವರು. ಅದಕ್ಕೂ ಮೊದಲು ಬಹಳ ಕಾಲ ಹಿಡಕಲ್ ಆಣೆಕಟ್ಟಿನ ಕಾಲೊನಿಯ ಸಣ್ಣ ಲೈಬ್ರರಿಯಲ್ಲಿ ಇದ್ದವರಂತೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೇ ಬಂದು ಕೂತರು. ಬಡಿಸುವವನನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡರು, ಕೇಳದೆ ನನಗೂ ಒಂದು ಹಾಕಿಸಿದರು. ಆಮೇಲೆ ಕೇಳಿದ ಪ್ರಶ್ನೆ ಇದು.

“ತಂಗಿ, ನಿಮ್ಮಲ್ಲಿ ಚಪ್ಪಲ್ ಎಲ್ಲಿ ಬಿಡ್ತಾರ?”

“ಬಾಗಲಾ ಹೊರಗ್ರಿ ಅಕ್ಕಾರ. ಮಳಿಗಾಲದಾಗ ಕಬ್ಬಿನ ಹೊಲದ ಎರಿ ಮಣ್ಣೆಲ್ಲಾ ಒಳಗ ಬರ್ತೈತಿ ಅಂತ ನಾನ ಬೋರ್ಡ್ ಹಾಕೇನಿ.”

“ನಿನ್ನ ಚಪ್ಪಲ್?”

“ನಂದು ಒಳಗ, ನನ್ನ ಖುರ್ಚಿ ಹಿಂದ. ಹೊರಗಿಟ್ರ ನಾಯಿ ಒಯ್ತಾವ್ರಿ.”

ಅವರು ಹೋಳಿಗೆಯ ಮೇಲೆ ತುಪ್ಪ ಸವರಿಕೊಳ್ಳುತ್ತ ತಲೆಯಾಡಿಸಿದರು.

“ನೀ ಯಾರದಾರ ಮನಿಗೆ ಹೋದ್ರ ಮೊದಲ ಏನ್ ನೋಡ್ತಿ ಹೇಳು. ಬಾಗಲದಾಗಿನ ಚಪ್ಪಲ್ ನೋಡ್ತಿ. ಬರೇ ಗಂಡಸರ ಚಪ್ಪಲ್ ಇದ್ರ ಒಳಗ ಹೋಗ್ತಿಯೇನು? ಆಮ್ಯಾಲ ಬಂದ್ರಾತು ಅಂತ ಹಂಗ ಹೊಳ್ಳಿ ಬರ್ತಿ. ನಿಮ್ಮೂರ ಹೆಣ್ಮಕ್ಕಳೂ ಅದನ್ನ ಮಾಡಾಕತ್ತಾರ.”

ನಾನು ಬಾಯಿಗಿಟ್ಟ ಹೋಳಿಗೆಯನ್ನು ಅಗಿಯುವುದು ಮರೆತೆ. ಹೊಸ್ತಿಲಲ್ಲಿ ನಿಂತು ಕೆಳಗೆ ನೋಡಿ ತಿರುಗಿ ಹೋದ ಮುಖಗಳೆಲ್ಲ ಕಣ್ಣ ಮುಂದೆ ಬಂದವು. ಹೌದು, ಅವರು ಕೆಳಗೇ ನೋಡುತ್ತಿದ್ದರು. ಒಳಗೆ ನಾನೊಬ್ಬಳು ಇದ್ದೇನೆ ಎಂದು ಹೊರಗೆ ನಿಂತವರಿಗೆ ಗೊತ್ತಾಗುವ ಯಾವ ಗುರುತೂ ಅಲ್ಲಿರಲಿಲ್ಲ.

ಹುಕ್ಕೇರಿಯ ಅಕ್ಕನಿಗೆ ಇದು ಗೊತ್ತಾದದ್ದು ಹಿಡಕಲ್‌ನಲ್ಲಿ. ಅಲ್ಲಿಯೂ ನಾಯಿಗಳ ಕಾಟಕ್ಕೆ ಚಪ್ಪಲಿ ಒಳಗೇ ಇಡುತ್ತಿದ್ದರಂತೆ. ಒಂದು ದಿನ ಚಪ್ಪಲಿಗೆ ಕೆಸರು ಮೆತ್ತಿತ್ತೆಂದು ಹೊರಗೇ ಬಿಟ್ಟಿದ್ದಾರೆ. ಆ ದಿನವೇ ಕಾಲೊನಿಯ ಇಬ್ಬರು ಹೆಂಗಸರು ಒಳಗೆ ಬಂದರಂತೆ. ಅಲ್ಲಿಂದ ಮುಂದೆ ತಮ್ಮ ಚಪ್ಪಲಿಯ ಜೊತೆಗೆ ಮನೆಯ ಹಳೆಯ ಜೋಡುಗಳನ್ನೂ ತಂದು ಬಾಗಿಲಲ್ಲಿ ಬಿಡತೊಡಗಿದರು.

“ಸುಳ್ಳ ಹೇಳಿದಂಗ ಆಗಂಗಿಲ್ಲೇನ್ರಿ?”

“ನಾ ಯಾರಿಗೂ ಏನೂ ಹೇಳಂಗಿಲ್ಲ. ಚಪ್ಪಲ್ ಬಿಟ್ಟಿರ್ತೇನಿ, ಅಷ್ಟ.”

ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಬಡಿಸುವವನು ಏನೋ ಕಡಿಮೆ ಬಿತ್ತೆಂದು ತಿಳಿದು ಓಡಿ ಬಂದ.

ಮರುದಿನವೂ ನಾನು ಹೋದೆ, ಕೊನೆಯವರೆಗೂ ಕೂತೆ. ಚಹಾದ ಹೊತ್ತಿನಲ್ಲಿ ಯಾರನ್ನು ಮಾತಾಡಿಸಿದರೂ ನನ್ನವೇ ಸಂಕಟಗಳು. ವಾರಪತ್ರಿಕೆಯ ಪದಬಂಧ ಹರಿದುಕೊಂಡು ಹೋಗುವವರು, ಪೇಪರಿನ ಕ್ರಿಕೆಟ್ ಪುಟವನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂಡುವವರು, ಗೆದ್ದಲು, ಸೋರುವ ಮಾಡು. ಮೂಡಲಗಿಯ ಕೋಣೆಯೊಂದರಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ನನ್ನಂಥವರು ಒಂದು ಸಭಾಂಗಣ ತುಂಬುವಷ್ಟು ಜನ ಇದ್ದಾರೆ ಎಂದು ಕಣ್ಣಾರೆ ನೋಡಿದಾಗ ಬಹಳ ಹಗುರವೆನಿಸಿತು. ಅದನ್ನು ಪ್ರಮಾಣಪತ್ರದಲ್ಲಿ ಬರೆದಿರಲಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಹುಕ್ಕೇರಿಯ ಅಕ್ಕ ನನ್ನ ಫೋನ್ ನಂಬರ್ ಬರೆದುಕೊಳ್ಳಲು ತಮ್ಮದೇ ಪೆನ್ನು ತೆಗೆದರು. ನಾನು ಕರದಂಟಿನ ಡಬ್ಬಿ ಹಿಡಿದು ಮೂಡಲಗಿಯ ಬಸ್ಸು ಹತ್ತಿದೆ.

ಮರುದಿನ ಬೆಳಿಗ್ಗೆ ಲೈಬ್ರರಿಯ ಬೀಗ ತೆಗೆದು, ನನ್ನ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟೆ. ನಾಯಿಗಳ ಮೇಲೆ ಕಣ್ಣಿಟ್ಟು ಕೂತೆ. ಒಂದೇ ಜೋಡು ಒಂಟಿಯಾಗಿ ಕಾಣುತ್ತಿತ್ತು. ಎರಡು ದಿನ ಬಿಟ್ಟು ಮನೆಯ ಹಿತ್ತಲ ಬಾಗಿಲ ಹತ್ತಿರ ಬಿದ್ದಿದ್ದ ಹಳೆಯ ಜೋಡುಗಳನ್ನು ಚೀಲದಲ್ಲಿ ತಂದೆ. ನನ್ನದೊಂದು, ನಾದಿನಿ ಬಿಟ್ಟು ಹೋದದ್ದೊಂದು, ಅತ್ತೆಯದೊಂದು. ಎಲ್ಲವನ್ನೂ ಒರೆಸಿ ಸಾಲಾಗಿ ಇಟ್ಟೆ.

ಮೊದಲ ಪರಿಣಾಮ ಆದದ್ದು ಹೆಂಗಸರ ಮೇಲಲ್ಲ, ಗಂಡಸರ ಮೇಲೆ. ದಿನಾ ಎಲ್ಲರಿಗಿಂತ ಮೊದಲು ಬಂದು ಪೇಪರಿನ ಮೇಜಿನ ತಲೆಗೆ ಕೂಡುವ ಒಬ್ಬ ಕಾಕಾ ಇದ್ದಾರೆ. ನಿವೃತ್ತರು, ನಮ್ಮ ಓಣಿಯವರೇ. ಬಾಗಿಲಲ್ಲಿ ಚಪ್ಪಲಿ ನೋಡಿ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಒಳಗೆ ಬಂದರು. ಎಲೆ ಅಡಿಕೆ ಉಗುಳಲು ಕಿಟಕಿಗೆ ಹೋಗುತ್ತಿದ್ದ ಇನ್ನೊಬ್ಬರು ಹೊರಗೆ ಹೋಗಿ ಉಗುಳಿ ಬಂದರು. ರಾಜಕೀಯದ ಮಾತಿನಲ್ಲಿ ಬೈಗುಳ ಕಡಿಮೆಯಾದವು. ಎಲ್ಲರೂ ಆಗಾಗ ಕಪಾಟುಗಳ ಕಡೆ ನೋಡುತ್ತಿದ್ದರು, ಹೆಂಗಸರು ಎಲ್ಲಿ ಕೂತಿದ್ದಾರೆ ಎಂದು ಯಾರೂ ಕೇಳಲಿಲ್ಲ. ನಗು ತಡೆದುಕೊಂಡು ಮುಖ ಗಂಟಿಕ್ಕಿಕೊಂಡೇ ಇರಬೇಕಾದರೆ ನನಗೆ ಸಾಕುಸಾಕಾಯಿತು.

ಕೆಲವು ದಿನಗಳಾದ ಮೇಲೆ ಒಬ್ಬ ಹುಡುಗಿ ಹೊಸ್ತಿಲು ದಾಟಿ ಒಳಗೆ ಬಂದಳು. ಕುಲಗೋಡದವಳು, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಳು. ಮೊಬೈಲಿನ ಹಿಂದೆ ಬುದ್ಧನ ಚಿತ್ರ ಅಂಟಿಸಿಕೊಂಡಿದ್ದಳು. ತಂದೆ ತಾಯಿ ಹೊಲದ ಕೆಲಸಕ್ಕೆ ಹೋಗುವವರು, ಮನೆಯಲ್ಲಿ ಒಂದೇ ಖೋಲಿ. ಅದಕ್ಕೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಓದುತ್ತಿದ್ದಳಂತೆ. ನಾನು ಅವಳನ್ನು ಮೂಲೆಯ ಮೇಜಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಸುತ್ತ ನೋಡಿ ಕೇಳಿದಳು.

“ಉಳದಾವ್ರು ಎಲ್ಲಿ ಅದಾರ್ರಿ ಅಕ್ಕಾರ? ಹೊರಗ ಚಪ್ಪಲ್ ಅದಾವಲ್ರಿ.”

ಸುಳ್ಳು ಹೇಳುವುದು ನನಗೆ ಬರುವುದಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಹುಡುಗಿ ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ನಾಳೆ ಬರುತ್ತಾಳೋ ಇಲ್ಲವೋ ಎಂದು ನಾನು ಹೆದರಿದೆ. ಬಂದಳು. ಬಂದವಳೇ ಸಲಹೆ ಕೊಟ್ಟಳು.

“ಅಕ್ಕಾರ, ದಿನಾ ಒಂದ ಸಾಲಿನ್ಯಾಗ, ಒಂದ ಜಾಗಾದಾಗ ಇಡಬ್ಯಾಡ್ರಿ. ಹಿಂದ ಮುಂದ ಇಡ್ರಿ. ಖರೇನ ಯಾರೋ ಬಿಟ್ಟಂಗ ಕಾಣಬೇಕು.”

ಮಾತು ಸರಿಯಾಗಿತ್ತು. ನನ್ನ ಕೈಯೇ ಕೇಳಲಿಲ್ಲ. ಪುಸ್ತಕವಾಗಲಿ ಚಪ್ಪಲಿಯಾಗಲಿ, ಸೊಟ್ಟಗೆ ಇಟ್ಟರೆ ನನಗೆ ಊಟ ಇಳಿಯುವುದಿಲ್ಲ. ಒಂದೆರಡು ಸಲ ಸೊಟ್ಟಗೆ ಇಟ್ಟು, ಮತ್ತೆ ಎದ್ದು ಹೋಗಿ ನೆಟ್ಟಗೆ ಮಾಡಿ ಬಂದೆ.

ಕಾಕಾ ಸುಮ್ಮನೆ ಎಲ್ಲವನ್ನೂ ನೋಡುತ್ತಿದ್ದರು. ಯಾರೂ ಮುಟ್ಟದೆ, ಒಂದೇ ಜಾಗದಲ್ಲಿ ಇರುವ ಚಪ್ಪಲಿಗಳು ಎಂದರೆ ಯಾರೋ ಪಾಪ ಮರೆತು ಹೋದವು ಎಂದು ಅವರು ತಿಳಿದರು. ಶಿಸ್ತಿನ ಮನುಷ್ಯ. ಒಂದು ದಿನ ಬೆಳಿಗ್ಗೆ ನಾನು ಕಪಾಟುಗಳ ಹಿಂದೆ ಪುಸ್ತಕ ಜೋಡಿಸುತ್ತಿದ್ದಾಗ ಹಳೆಯ ಜೋಡುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ, ಬಸ್‌ಸ್ಟ್ಯಾಂಡಿನ ಕಂಟ್ರೋಲರ್ ಹತ್ತಿರ ಕೊಟ್ಟು ಬಂದರು. ಕಳೆದುಕೊಂಡವರು ಅಲ್ಲಿಯೇ ಕೇಳುತ್ತಾರೆ ಎಂದು ಅವರ ಲೆಕ್ಕ. ನನಗೆ ಹೇಳಲಿಲ್ಲ, ಒಳ್ಳೆಯ ಕೆಲಸ ಮಾಡಿ ಹೇಳಿಕೊಳ್ಳುವ ಚಟ ಅವರಿಗಿಲ್ಲ.

ಅವತ್ತೇ ಅಮಾವಾಸ್ಯೆ.

ಗುಡಿಗೆ ಹೋಗುವಾಗ ಹಳೆಯ ಚಪ್ಪಲಿ ಹಾಕಿಕೊಂಡು ಹೋಗುವುದು ನಮ್ಮ ಕಡೆ ಎಲ್ಲರಿಗೂ ರೂಢಿ. ಹೊಸದನ್ನು ಗುಡಿಯ ಮುಂದೆ ಬಿಟ್ಟು ಒಳಗೆ ನಿಂತರೆ ಕೈ ಮುಗಿದಿದ್ದರೂ ಮನಸ್ಸು ಹೊರಗಿರುತ್ತದೆ. ನಮ್ಮತ್ತೆ ಅದಕ್ಕೆಂದೇ ಒಂದು ಸವೆದ ಜೋಡನ್ನು ಕಾಪಾಡಿಕೊಂಡಿದ್ದರು. ಹಿತ್ತಲ ಬಾಗಿಲಲ್ಲಿ ಬಿದ್ದಿದೆ ಎಂದು ನಾನು ಎತ್ತಿಕೊಂಡು ಬಂದದ್ದು ಅದನ್ನೇ. ಇಷ್ಟು ವರ್ಷ ಸಂಸಾರ ಮಾಡಿದ ಸೊಸೆಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಲೈಬ್ರರಿಯ ಬಾಗಿಲಲ್ಲಿ ಅತ್ತೆಯ ದನಿ ಕೇಳಿತು. ಕಾಲಲ್ಲಿ ಹೊಸ ಚಪ್ಪಲಿ, ಮುಖದಲ್ಲಿ ಬೆಂಕಿ.

“ನನ್ನ ಗುಡಿ ಚಪ್ಪಲ್ ಎಲ್ಲಿ?”

ಇಡೀ ಪೇಪರಿನ ಮೇಜು ತಲೆಯೆತ್ತಿತು. ನಾನು ಹೊರಗೆ ಬಂದು ನೋಡಿದರೆ ನನ್ನ ಜೋಡು ಮತ್ತು ಆ ಹುಡುಗಿಯ ಜೋಡು ಬಿಟ್ಟು ಏನೂ ಇಲ್ಲ. ನಾನು ಕಕ್ಕಾಬಿಕ್ಕಿಯಾಗಿ ನಿಂತಾಗ ಕಾಕಾ ಎದ್ದು ಬಂದು, ಆದದ್ದನ್ನು ಹೇಳಿದರು.

“ಅವು ನಿಮ್ಮವಾ ವೈನೀ? ನನಗೇನ್ ಗೊತ್ರಿ. ಇಲ್ಲೇ ಕುಂದರ್ರಿ, ಈಗ ಹೋಗಿ ತರ್ತೇನಿ” ಎಂದವರೇ ಬಸ್‌ಸ್ಟ್ಯಾಂಡಿಗೆ ಹೊರಟರು.

ಅತ್ತೆ ಹೊಸ ಚಪ್ಪಲಿಯನ್ನು ಹೊಸ್ತಿಲಲ್ಲಿ ಬಿಟ್ಟು ಒಳಗೆ ಬಂದರು. ನಾನು ಮೂಲೆಯ ಮೇಜಿನ ಕಡೆ ಕೈ ತೋರಿಸಿ, ಅಲ್ಲಿ ಹೆಂಗಸರಿಗೆ ಜಾಗ ಇದೆ ಎಂದೆ. ಅವರು ಆ ಕಡೆ ಒಮ್ಮೆ ನೋಡಿದರು.

“ಅಲ್ಲಿ ಕುಂತ್ರ ಚಪ್ಪಲ್ ಕಾಣಂಗಿಲ್ಲ.”

ಹಾಗೆಂದು ಕೋಣೆಯ ನಡುವೆ, ಫ್ಯಾನಿನ ಕೆಳಗೆ, ಬಾಗಿಲು ನೇರಕ್ಕೆ ಕಾಣುವ ಕಾಕಾನ ಕುರ್ಚಿಯಲ್ಲೇ ಕೂತುಬಿಟ್ಟರು. ಅಕ್ಕಪಕ್ಕದ ಗಂಡಸರು ಕುರ್ಚಿ ಸರಿಸಿಕೊಂಡು ಜಾಗ ಬಿಟ್ಟರು. ನಮ್ಮತ್ತೆಗೆ ಏನಾದರೂ ಅನ್ನುವವರು ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಕಾಕಾ ಬೇಗ ಬರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಚಹಾಕ್ಕೆ ಕರೆದಿರಬೇಕು. ಅತ್ತೆ ಬಾಗಿಲ ಕಡೆ ನೋಡಿ ನೋಡಿ ಬೇಸತ್ತು, ಮುಂದಿದ್ದ ವಾರಪತ್ರಿಕೆಯನ್ನು ಎಳೆದುಕೊಂಡರು. ಮೊದಲು ಚಿತ್ರ ನೋಡಿದರು. ಆಮೇಲೆ ಬೆರಳಿಟ್ಟು ಅಕ್ಷರ ಕೂಡಿಸತೊಡಗಿದರು, ಸಾಲಿಯಲ್ಲಿ ಕಲಿಸಿದ ಹಾಗೆ ಗಟ್ಟಿಯಾಗಿ. ಅದೊಂದು ಧಾರಾವಾಹಿ. ಮನೆಬಿಟ್ಟು ಹೋದ ತಂಗಿಯನ್ನು ಅಕ್ಕ ಹುಡುಕಿಕೊಂಡು ಹೊರಟಿದ್ದಳು. ಸದ್ದು ಮಾಡಬಾರದು ಎನ್ನುವ ನನ್ನ ಬೋರ್ಡು ಅವರ ತಲೆಯ ಮೇಲೆಯೇ ಇತ್ತು. ಅದನ್ನು ತೋರಿಸುವ ಧೈರ್ಯ ನನಗೂ ಬರಲಿಲ್ಲ. ಗಂಡಸರು ಪೇಪರು ಹಿಡಿದುಕೊಂಡೇ ಕಿವಿ ಇತ್ತ ಕೊಟ್ಟಿದ್ದರು.

ಪುಟದ ಕೊನೆಗೆ ಬಂದು ಅತ್ತೆ ನಿಂತರು. ಹಾಳೆ ಮಗುಚಿದರು. ಮತ್ತೆ ಹಿಂದಕ್ಕೆ ಮಗುಚಿದರು.

“ಮುಂದ ಏನಾತು? ತಂಗಿ ಸಿಕ್ಕಳೋ ಇಲ್ಲೋ?”

“ಅದು ಮುಂದಿನ ವಾರದ್ರಾಗ ಇರ್ತೈತ್ರಿ ಅತ್ತಿ” ಎಂದೆ.

“ಇದೆಂಥಾ ಮೋಸ” ಎಂದರು.

ಕಾಕಾ ಚೀಲ ಹಿಡಿದು ಬಂದರು. ಅತ್ತೆ ತಮ್ಮ ಗುಡಿ ಚಪ್ಪಲಿಯನ್ನು ಮೆಟ್ಟಿಕೊಂಡು, ಹೊಸದನ್ನು ನನ್ನ ಕೈಗೆ ಕೊಟ್ಟು ಹೋದರು. ಮರುದಿನ ಮತ್ತೆ ಬಂದರು, ಆ ಧಾರಾವಾಹಿ ಮೊದಲಿನಿಂದ ಬೇಕು ಎಂದು. ಹಳೆಯ ಸಂಚಿಕೆಗಳನ್ನು ಹುಡುಕಿ ಕೊಟ್ಟೆ. ಬರುವಾಗ ಓಣಿಯ ಗೆಳತಿಯೊಬ್ಬರನ್ನು ಕರೆತಂದಿದ್ದರು, ತಮಗಿಂತ ಬೇಗ ಓದುವವರು ಅಂತ. ಹಿರಿಯರಿಬ್ಬರು ಕೂತಿರುವುದನ್ನು ನೋಡಿ ಓಣಿಯ ಸೊಸೆಯಂದಿರಿಗೂ ಹಾದಿ ಸುಲಭವಾಯಿತು. ಮಧ್ಯಾಹ್ನದ ಭಾಂಡೆ ತೊಳೆದಿಟ್ಟು ಒಬ್ಬೊಬ್ಬರೇ ಬರತೊಡಗಿದರು. ಚಪ್ಪಲಿ ತಂದಿಡುವ ಕೆಲಸ ನನಗೆ ಉಳಿಯಲಿಲ್ಲ. ಎಲ್ಲರೂ ಕೂಡುವುದು ಅತ್ತೆಯ ಸುತ್ತ, ನಡುವಿನ ಮೇಜಿಗೆ. ಗಂಡಸರು ಅರ್ಧ ಮೇಜು ಬಿಟ್ಟುಕೊಟ್ಟು ಆಚೆ ಸರಿದರು. ಕುಲಗೋಡದ ಹುಡುಗಿಯೂ ಬೆಳಕು ಚಲೋ ಇದೆ ಎಂದು ಮೂಲೆ ಬಿಟ್ಟು ಇತ್ತ ಬಂದಳು.

ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ಹುಕ್ಕೇರಿಯ ಅಕ್ಕ ಬಹಳ ಹೊತ್ತು ನಕ್ಕರು. “ನಾ ಬರೇ ಚಪ್ಪಲ್ ಇಟ್ಟೆ ತಂಗಿ. ನಿಮ್ಮ ಅತ್ತಿಯಂಥಾಕಿ ನಮಗ ಸಿಗಲಿಲ್ಲ ನೋಡು” ಎಂದರು.

ನನಗೂ ಖುಷಿಯೇ. ಆದರೆ ಒಂದು ಮುಳ್ಳು ಉಳಿದುಕೊಂಡಿತ್ತು. ಮೂಲೆಯ ಮೇಜು ಇನ್ನೂ ಹೊಳೆಯುತ್ತಲೇ ಇತ್ತು. ಇಷ್ಟೆಲ್ಲ ಹೆಂಗಸರು ಬಂದರೂ ಅದರ ಹತ್ತಿರ ಒಬ್ಬರೂ ಇಲ್ಲ. ಸಾಹೇಬರು ಬಂದು ನೋಡಿದರೆ ಅದನ್ನು ಎತ್ತಿಸದೆ ಬಿಡುತ್ತಾರೆಯೇ?

ಸಾಹೇಬರು ಬರುವ ದಿನ ಬೆಳಿಗ್ಗೆಯೇ ಮನೆಯಲ್ಲಿ ಅತ್ತೆಯನ್ನು ಕೇಳಿಕೊಂಡೆ.

“ಅತ್ತಿ, ಇವತ್ತೊಂದ ದಿನ ಆ ಮೂಲಿ ಮೇಜಿಗೆ ಕುಂದರ್ರಿ. ಇಲ್ಲಂದ್ರ ಹ್ವಾದಂಗ ಅದು.”

“ಅಲ್ಲಿ ಗಾಳಿ ಇಲ್ಲ, ಬೆಳಕ ಇಲ್ಲ. ಸಾಮಾನ ಒಟ್ಟೂ ಜಾಗಾ ಅದು. ಬೇಕಾದ್ರ ನೀ ಹೋಗಿ ಕುಂದರು” ಎಂದು ಅವರು ರೊಟ್ಟಿ ಬಡಿಯುವುದನ್ನು ಮುಂದುವರಿಸಿದರು.

ಉಳಿದ ಹೆಂಗಸರು ನನ್ನ ಮುಖ ನೋಡಿ ಕನಿಕರಿಸಿದರು. ಮಧ್ಯಾಹ್ನ ಬಂದವರೆಲ್ಲ ಮೂಲೆಗೆ ಹೋಗಿ ಸಾಲಾಗಿ ಕೂತರು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. ಅತ್ತೆ ಮಾತ್ರ ತಮ್ಮ ಜಾಗದಲ್ಲೇ ಕೂತು ಧಾರಾವಾಹಿ ಓದಲು ಶುರುಮಾಡಿದರು. ಅವತ್ತಿನ ಕಂತಿನಲ್ಲಿ ಅಕ್ಕ ತಂಗಿಯ ಮನೆಯ ಬಾಗಿಲವರೆಗೆ ಬಂದಿದ್ದಳು. ಮೂಲೆಯವರಿಗೆ ಸರಿಯಾಗಿ ಕೇಳಿಸಲಿಲ್ಲ. ಒಬ್ಬರು ಎದ್ದು ಬಂದರು. ಇನ್ನಿಬ್ಬರು ಬಂದರು. ಹೊರಗೆ ಜೀಪು ನಿಂತ ಸದ್ದಾಗುವ ಹೊತ್ತಿಗೆ ಮೂಲೆ ಮೊದಲಿನಂತೆಯೇ ಖಾಲಿಯಾಗಿತ್ತು.

ಸಾಹೇಬರು ಒಳಗೆ ಬರುವುದು ತಡವಾಯಿತು. ಇಣುಕಿ ನೋಡಿದರೆ, ಬಾಗಿಲ ಮುಂದೆ ಬೂಟು ಬಿಡಲು ಜಾಗ ಹುಡುಕುತ್ತಿದ್ದರು. ಕೊನೆಗೆ ಮೆಟ್ಟಿಲ ಕೆಳಗೆ ಬಿಟ್ಟು, ಕಾಲುಚೀಲದಲ್ಲಿ ಮೆಲ್ಲಗೆ ಬಂದು ನನ್ನ ಪಕ್ಕ ನಿಂತರು. ಯಾರೂ ಏಳಲಿಲ್ಲ. ಕಾಕಾ ಒಮ್ಮೆ ನೋಡಿ, ತುಟಿಯ ಮೇಲೆ ಬೆರಳಿಟ್ಟು ಕಥೆಯ ಕಡೆ ತಿರುಗಿದರು. ಸಾಹೇಬರು ಆ ಉದ್ದ ಮೇಜನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು. ಆಮೇಲೆ ಅವರ ಕಣ್ಣು ಮೂಲೆಗೆ ಹೋಯಿತು. ನನ್ನದೂ ಹೋಯಿತು.

ಅವರು ನಿಂತಲ್ಲಿಂದ ನಾನು ಆ ಮೇಜನ್ನು ಎಂದೂ ನೋಡಿರಲಿಲ್ಲ. ಕಪಾಟುಗಳ ಬೆನ್ನು, ಅರೆಗತ್ತಲು, ಅದರ ನಡುವೆ ಹೊಳೆಯುವ ಹಲಗೆ. ಅತ್ತೆ ಹೇಳಿದ್ದು ಖರೆ, ಅದು ಸಾಮಾನು ಒಟ್ಟುವ ಜಾಗವೇ.

“ಅಕ್ಕಾರ, ಈ ಮೇಜು...” ಎಂದು ಸಾಹೇಬರು ಹಿಂಜರಿಯುತ್ತ ಶುರುಮಾಡಿದರು. ಅದನ್ನು ಉಳಿಸಿಕೊಳ್ಳಲು ನಾನು ವಾರಗಟ್ಟಲೆ ಮಾತು ಜೋಡಿಸಿ ಇಟ್ಟುಕೊಂಡಿದ್ದೆ.

“ಒಯ್ಯಿಸ್ರಿ ಸರ್” ಎಂದೆ.

ಪರೀಕ್ಷೆಯ ಹುಡುಗರು ಓಡಿ ಬಂದು ಮೇಜನ್ನು ಎತ್ತಿದರು. ಕುಲಗೋಡದ ಹುಡುಗಿ ತನ್ನ ಪುಸ್ತಕಗಳನ್ನು ಎದೆಗೆ ಅವಚಿಕೊಂಡು ಎದ್ದಳು.

“ಆ ಮೇಜು ಹೆಣ್ಮಕ್ಕಳದು ಅಂತ ಬರದೈತಿ ನೋಡ್ರಿ. ನನಗ ಅದರ ಮ್ಯಾಲ ಜಾಗಾ ಬಿಡ್ರಿ” ಎಂದು ಹುಡುಗರಿಗೆ ಹೇಳುತ್ತ, ಮೇಜಿನ ಹಿಂದೆಯೇ ಪರೀಕ್ಷೆಯ ಕೋಣೆಗೆ ನಡೆದಳು. ಅಲ್ಲಿಗೆ ಹೋದ ಮೊದಲ ಹುಡುಗಿ ಅವಳು.

ಹುಡುಗರು ಕುರ್ಚಿಗಳಿಗೂ ಕೈಹಾಕಿದಾಗ ಅತ್ತೆ ಪುಟದಿಂದ ತಲೆಯೆತ್ತಿದರು. ಓದುತ್ತಿದ್ದ ಸಾಲಿನ ಮೇಲೆ ಬೆರಳು ಹಾಗೆಯೇ ಇತ್ತು.

“ಯಪ್ಪಾ, ಮೇಜು ಒಯ್ಯಿರಿ. ಖುರ್ಚಿ ಬಿಡ್ರಿ. ಇಲ್ಲಿ ಕುಂದ್ರಾಕ ಕಡಿಮಿ ಬೀಳಾಕತ್ತಾವ.”

ಸಾಹೇಬರು ಹುಡುಗರಿಗೆ ಬಿಡುವಂತೆ ಸನ್ನೆ ಮಾಡಿದರು. ಆ ಕುರ್ಚಿಗಳನ್ನು ನಾನೇ ಒಂದೊಂದಾಗಿ ಹೊತ್ತು ತಂದು ನಡುವಿನ ಮೇಜಿಗೆ ಹಾಕಿದೆ. ನಿಂತಿದ್ದ ಹೆಂಗಸರೆಲ್ಲ ಕೂತರು. ಒಂದು ಕುರ್ಚಿ ಉಳಿಯಿತು. ಅತ್ತೆ ಅದನ್ನು ತಮ್ಮ ಪಕ್ಕಕ್ಕೆ ಎಳೆದು, ನನ್ನ ಕಡೆ ನೋಡದೆಯೇ ಅದರ ಮೇಲೆ ಅಂಗೈಯಿಂದ ತಟ್ಟಿದರು. ನಾನು ಹೋಗಿ ಕೂತೆ. ಅವರು ಬೆರಳಿಟ್ಟ ಸಾಲಿನಿಂದ ಮುಂದೆ ಓದಿದರು.